ದ್ರಾಕ್ಷಿ ಹಾಳೆಯ ಹಿಂದಿನ ಚುಕ್ಕಿ

ಅಥಣಿಯ ಆ ಕಾಲೇಜಿಗೆ ಮಲಕಾರಿ ಸೇರಿದ್ದು ಗಂಟೆ ಹೊಡೆಯಲಿಕ್ಕೆ. ಅನಂತಪುರದ ಕುರಿಗಾರರ ಮನೆಯವನು, ಪಿಯುಸಿ ನಪಾಸಾದವನು, ಅವನಿಗೆ ಇನ್ನೆಂಥ ಕೆಲಸ ಕೊಟ್ಟಾರು? ಆದರೆ ಇಪ್ಪತ್ತೆರಡು ವರ್ಷಗಳಲ್ಲಿ ಆತ ಗಂಟೆ ಬಿಟ್ಟು ಭೌತಶಾಸ್ತ್ರದ ಲ್ಯಾಬಿಗೆ, ಲ್ಯಾಬಿನಿಂದ ಮಾಳಿಗೆಯ ಮೇಲಿನ ದೂರದರ್ಶಕಕ್ಕೆ ಹತ್ತಿದ. ಕೈಹಿಡಿದು ಹತ್ತಿಸಿದವರು ಯಾರೂ ಇಲ್ಲ. ಹಾಜರಿ ಪುಸ್ತಕದಲ್ಲಿ ಮಾತ್ರ ಇವತ್ತಿಗೂ ‘ಜವಾನ’.

ದೂರದರ್ಶಕದ ಹಿಂದೆ ಒಂದು ಯಂತ್ರ ಜೋಡಿಸಿದ್ದರು. ಚುಕ್ಕಿಯ ಬೆಳಕಿನ ಕಂಪನ ಎಲ್ಲ ದಿಕ್ಕಿಗೂ ಸಮನಾಗಿದೆಯೋ, ಒಂದೇ ಮಗ್ಗುಲಿಗೆ ವಾಲಿದೆಯೋ ಎಂದು ಅಳೆಯುವ ಯಂತ್ರ. ಓದಿದವರು ಅದಕ್ಕೆ ಧ್ರುವೀಕರಣ ಎನ್ನುತ್ತಾರೆ, ಮಲಕಾರಿ ‘ವಾಲು’ ಎನ್ನುತ್ತಿದ್ದ. ಯಂತ್ರವೂ ಸುಳ್ಳು ಹೇಳುತ್ತದಲ್ಲ, ಅದಕ್ಕೇ ಮೊದಲು ಗೊತ್ತಿದ್ದ ಚುಕ್ಕಿಗಳನ್ನು ಅದಕ್ಕೆ ತೋರಿಸಬೇಕು. ವಾಲೇ ಇಲ್ಲದ ಸೊನ್ನೆ ಚುಕ್ಕಿ ಒಂದು. ನೂರಕ್ಕೆ ಐದು ಪಾಲು ವಾಲಿದೆಯೆಂದು ಜಗತ್ತೇ ಒಪ್ಪಿದ ಚುಕ್ಕಿ ಇನ್ನೊಂದು. ವಿದ್ಯಾರ್ಥಿಗಳು ಎರಡು ಯಾಕೆಂದು ಕೇಳಿದರೆ ಮಲಕಾರಿ ನಗುತ್ತಿದ್ದ. “ಕಬ್ಬ ತೂಗೂ ಕಾಟಾ ನೋಡೀರಿಲ್ಲ? ಖಾಲಿ ಇದ್ದಾಗ ಸೊನ್ನಿ ತೋರಿಸಿದ್ರ ಮುಗೀತೇನು? ಗೊತ್ತಿದ್ದ ಕಲ್ಲ ಇಟ್ಟ ನೋಡ್ರಿ. ಮೋಸ ಇರೂದ ಅಲ್ಲೇ.”

ಅವನಿಗಿದ್ದದ್ದು ಒಂದೇ ಆಸೆ. ಆ ಯಂತ್ರದ ಕೆಲಸದ ಬಗ್ಗೆ ಅಚ್ಚಾಗುವ ಲೇಖನದಲ್ಲಿ ಒಂದು ಸಲ, ಒಂದೇ ಒಂದು ಸಲ ತನ್ನ ಹೆಸರು ಬರಬೇಕು. ಇದನ್ನು ಹೆಂಡತಿ ರಾಮವ್ವನ ಮುಂದೆ ಬಿಟ್ಟರೆ ಯಾರ ಮುಂದೆಯೂ ಬಾಯಿಬಿಟ್ಟವನಲ್ಲ.

ಯಂತ್ರದ ಒಡತಿ ಭೌತಶಾಸ್ತ್ರದ ಪ್ರಾಧ್ಯಾಪಕಿ ಸೀಮಾ ಮೇಡಂ. ಇಪ್ಪತ್ತು ಎಕರೆ ದ್ರಾಕ್ಷಿಯ ಮನೆತನ, ಮೇಲೆ ಪಿಎಚ್‌ಡಿ. ರಾಮವ್ವ ಅವರದೇ ತೋಟಕ್ಕೆ ಕೂಲಿಗೆ ಹೋಗುವವಳು. ಆ ದೀಪಾವಳಿಗೆ ಮೇಡಂ ಹೇಳಿದರು: “ಆ ಐದು ಪಾಲಿನ ಚುಕ್ಕಿ ದಿನಾ ಒಂದ್ ತಾಸು ತಿನ್ನಾಕತ್ತೈತಿ. ಬಿಡು ಅದನ್ನ, ಸೊನ್ನಿ ಒಂದ ಸಾಕು.” ಮಲಕಾರಿಗೆ ಸರಿಬರಲಿಲ್ಲ. ಆದರೆ ಜವಾನನ ಮಾತಿಗೆ ಏನು ಕಿಮ್ಮತ್ತು?

ಅಷ್ಟರಲ್ಲಿ ಕಬ್ಬಿನ ಹಂಗಾಮು ಶುರುವಾಯಿತು. ಹೊಲಹೊಲಕ್ಕೂ ರವದಿ, ಅಂದರೆ ಕಬ್ಬಿನ ಒಣಗರಿ, ಸುಡುವವರೇ. ಕರೀ ಮಸಿ ಹಾರಿ ಬಂದು ದೂರದರ್ಶಕದ ಕನ್ನಡಿಯ ಮೇಲೆ ಕೂಡತೊಡಗಿತು. ಮಲಕಾರಿ ಸುಮ್ಮನೆ ಕೂರಲಿಲ್ಲ. ದ್ರಾಕ್ಷಿಗೆ ಮಳೆ ತಾಗದಂತೆ ಹೊದಿಸುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಹೊಸ ತುಂಡೊಂದನ್ನು ರಾಮವ್ವನಿಂದ ತರಿಸಿ, ಕೊಳವೆಯ ಬಾಯಿಗೆ ಕಟ್ಟಿದ. ಡೊಳ್ಳು ಬಾರಿಸುವ ಮನೆತನ ನೋಡಿ, ಸಡಿಲ ಕಟ್ಟುವ ಕೈಯಲ್ಲ ಅದು. ತೊಗಲು ಬಿಗಿದಂತೆ ಸುತ್ತಲೂ ಹಗ್ಗ ಎಳೆದು, ಬೆರಳಿಂದ ಬಡಿದರೆ ಠಣ್ ಅನ್ನುವಷ್ಟು ಬಿಗಿದ. ಮೇಡಂಗೂ ತೋರಿಸಿದ. “ಛಲೋ ಮಾಡೀದಿ ಬಿಡು,” ಎಂದರು.

ಸೊನ್ನೆ ಚುಕ್ಕಿ ಸೊನ್ನೆಯನ್ನೇ ತೋರಿಸಿತು. ಆದರೆ ಮೇಡಂ ಮೂರು ವರ್ಷದಿಂದ ಬೆನ್ನುಹತ್ತಿದ್ದ ಚುಕ್ಕಿಯ ವಾಲು ನಾಲ್ಕು ಪಾಲಿನಿಂದ ಎರಡೂವರೆಗೆ ಇಳಿದುಬಿಟ್ಟಿತು! ಆ ಚುಕ್ಕಿಯ ಸುತ್ತಲಿನ ಧೂಳು ಬದಲಾಗುತ್ತಿದೆ, ದೊಡ್ಡ ಶೋಧ ಎಂದು ಮೇಡಂ ಕುಣಿದರು. ಲೇಖನ ಸಿದ್ಧವಾಯಿತು. ಕಂಪ್ಯೂಟರಿನಲ್ಲಿ ಶೀರ್ಷಿಕೆಯ ಕೆಳಗೆ ಎರಡು ಹೆಸರು: ಮೊದಲು ಸೀಮಾ, ಆಮೇಲೆ ಮಲಕಾರಿ. ಅವತ್ತು ಅವನು ಮನೆಗೆ ಸೈಕಲ್ಲು ಮರೆತು ನಡೆದುಕೊಂಡೇ ಹೋದ.

ಲೇಖನ ಕಳಿಸಲು ಎರಡು ದಿನ ಬಾಕಿ. ಮಲಕಾರಿಗೆ ಮನಸ್ಸು ತಡೆಯಲಿಲ್ಲ, ಐದು ಪಾಲಿನ ಚುಕ್ಕಿಗೆ ಯಂತ್ರ ತಿರುಗಿಸಿದ. ಮೂರು ತೋರಿಸಿತು. ಹಾಳೆ ಬಿಚ್ಚಿ ನೋಡಿದ. ಐದು. ಮತ್ತೆ ಕಟ್ಟಿದ, ಮತ್ತೆ ಮೂರು. ಬಿಗಿದೆಳೆದ ಪ್ಲಾಸ್ಟಿಕ್ಕು ವಾಲಿದ ಬೆಳಕನ್ನು ತಿರುಚಿ ಕಡಿಮೆ ಮಾಡಿ ತೋರಿಸುತ್ತಿತ್ತು. ವಾಲೇ ಇಲ್ಲದ ಬೆಳಕಿನಲ್ಲಿ ತಿರುಚಲಿಕ್ಕೆ ಏನಿದೆ? ಅದಕ್ಕೇ ಸೊನ್ನೆ ಚುಕ್ಕಿಗೆ ಈ ತಪ್ಪು ಕಂಡಿರಲಿಲ್ಲ. ಶೋಧವೂ ಇಲ್ಲ, ಮಣ್ಣೂ ಇಲ್ಲ.

ಸುಮ್ಮನಿದ್ದಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಹಾಳೆ ಸುತ್ತಿ ಒಲೆಗೆ ಹಾಕಿದ್ದರೆ ಹೆಸರು ಅಚ್ಚಾಗುತ್ತಿತ್ತು. ಹಾಸಿಗೆಯಲ್ಲಿ ಹೊರಳಾಡಿದ. ಆದರೂ ಬೆಳಗಾಗುತ್ತಲೇ ಮೇಡಂ ಮುಂದೆ ಹೋಗಿ ನಿಂತ.

“ತಪ್ಪಾಗೈತ್ರಿ ಮೇಡಂ. ಚುಕ್ಕಿ ಬದಲಾಗಿಲ್ರಿ. ಎಲ್ಲಾ ಆ ಹಾಳಿದ ಆಟ.”

ಮೇಡಂ ಅಂಕಿಗಳನ್ನು ನೋಡಿದರು. ಮುಖ ಬಿಳಿಚಿಕೊಂಡಿತು. “ಹಾಳಿ ಕಟ್ಟಿದಾಂವ ನೀನಲ್ಲ?”

“ಹೌದ್ರಿ. ನಿಮಗೂ ತೋರಿಸಿದ್ನೆಲ್ರಿ.”

“ನನಗ ನೆನಪಿಲ್ಲ,” ಎಂದರು ಮೇಡಂ, ಅವನ ಕಡೆ ನೋಡದೆ.

ಶೋಧದ ಲೇಖನ ಹೋಗಲಿಲ್ಲ. ಜೂನ್‌ನಲ್ಲಿ ಎರಡು ಪುಟದ ಬೇರೊಂದು ಲೇಖನ ಅಚ್ಚಾಯಿತು: ದೂರದರ್ಶಕಕ್ಕೆ ಪ್ಲಾಸ್ಟಿಕ್ ಕಟ್ಟಬೇಡಿ, ಸೊನ್ನೆ ಚುಕ್ಕಿಯೊಂದನ್ನೇ ನಂಬಬೇಡಿ. ಶೀರ್ಷಿಕೆಯ ಕೆಳಗೆ ಒಂದೇ ಹೆಸರು. ಮಲಕಾರಿ ಲ್ಯಾಬಿನ ಮೂಲೆಯಲ್ಲಿ ಕೂತು, ನಿಘಂಟು ಇಟ್ಟುಕೊಂಡು ಇಂಗ್ಲಿಷನ್ನು ಒಂದೊಂದೇ ಪದ ಬಿಡಿಸಿ ಓದಿದ. ‘ತರಬೇತಿಯಿಲ್ಲದ ಸಹಾಯಕನೊಬ್ಬ ಕಟ್ಟಿದ ಹಾಳೆಯಿಂದ ಉಂಟಾದ ದೋಷವನ್ನು ನಾವು ಪತ್ತೆಹಚ್ಚಿದೆವು.’ ನಾವಂತೆ, ನಾವು! ಕಟ್ಟಿದ್ದು ಮಾತ್ರ ಅವನು, ಪತ್ತೆಹಚ್ಚಿದ್ದು ಇವರು. ಅವನಿಗೆ ಸಿಟ್ಟು ಬಂತು, ಕಣ್ಣಲ್ಲಿ ನೀರೂ ಬಂತು. ಒರೆಸಿಕೊಂಡು ಕಾಗದ ಮಡಚಿ ಕಿಸೆಗಿಟ್ಟ.

ಅಚ್ಚಾದ ಸುದ್ದಿ ತೋಟದ ಕಡೆಯಿಂದ ರಾಮವ್ವನಿಗೆ ಮೊದಲೇ ಮುಟ್ಟಿತ್ತು. ಅವನು ಹೊಸ್ತಿಲು ದಾಟುವುದರೊಳಗೆ ಆಕೆ ದೇವರ ಮುಂದಿದ್ದ ಮಂಗಸೂಳಿ ಮಲ್ಲಯ್ಯನ ಭಂಡಾರದ, ಅಂದರೆ ಅರಿಸಿನಪುಡಿಯ, ಬಟ್ಟಲು ತಂದು ನಿಂತಿದ್ದಳು. ಆಕೆಗೆ ಓದು ಬಾರದು.

“ತರ್ರಿ ಇಲ್ಲಿ. ನಿಮ್ಮ ಹೆಸರ ಎಲ್ಲೈತಿ ತೋರಸ್ರಿ.”

ಮಲಕಾರಿ ಕಾಗದ ಬಿಚ್ಚಿದ. ಬಹಳ ಹೊತ್ತು ನೋಡಿ, ‘ತರಬೇತಿಯಿಲ್ಲದ ಸಹಾಯಕ’ ಎಂದು ಅಚ್ಚಾಗಿದ್ದ ಕಡೆ ಬೆರಳಿಟ್ಟ. ರಾಮವ್ವ ಆ ಪದಗಳ ಮೇಲೆ ಭಂಡಾರ ಒತ್ತಿ, ಕಾಗದವನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು.

“ಅಯ್ಯ, ಇಷ್ಟುದ್ದ ಐತೇನ್ರಿ ನಿಮ್ಮ ಹೆಸರ!”

“ಹ್ಞೂಂ,” ಎಂದ ಮಲಕಾರಿ, “ಇಂಗ್ಲೀಷಿನ್ಯಾಗ ಹಂಗ ಬರೀತಾರ.”