ಡಬ್ಬಿಯಲ್ಲಿದ್ದ ಸರ್ವೆ ಕಾಯಿ

ಸಸ್ಯಗಳ ವರ್ಗೀಕರಣವನ್ನು ನನಗಿಂತ ಚೆನ್ನಾಗಿ ಕಲಿಸುವವರು ಕೂಡ್ಲಿಗಿ ತಾಲ್ಲೂಕಿನಲ್ಲಿ ಯಾರಿದ್ದಾರೆ, ತೋರಿಸಿ ನೋಡೋಣ ಎಂದು ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಈಗಲೂ ಹೇಳುತ್ತೇನೆ. ಪುಸ್ತಕದ ಚಿತ್ರ ತೋರಿಸಿ ಕೈತೊಳೆದುಕೊಳ್ಳುವವಳಲ್ಲ ನಾನು. ಪಾಚಿ ಬೇಕೆಂದರೆ ಕೆರೆಯಿಂದ ಬಾಟಲಿಯಲ್ಲಿ ತರುತ್ತೇನೆ, ಹಾವಸೆ ಬೇಕೆಂದರೆ ಮಳೆಗಾಲದ ಗೋಡೆ ಕೆರೆಯುತ್ತೇನೆ. ಜರೀಗಿಡಕ್ಕಾಗಿ ಗುಡೇಕೋಟೆಯ ಹಳೇ ಬಾವಿಯೊಂದಕ್ಕೆ ಸೀರೆ ಎತ್ತಿ ಕಟ್ಟಿಕೊಂಡು ಇಳಿದವಳು.

ಹೂವಿಲ್ಲದೆ ಬೀಜ ಬಿಡುವ ಗಿಡಗಳ ಪಾಠ ಬಂದಾಗ ಮಾತ್ರ ಕೈ ಕಟ್ಟಿದಂತಾಗುತ್ತಿತ್ತು. ಅವುಗಳಲ್ಲಿ ಶಂಕು ಬಿಡುವ ಕೋನಿಫರ್‌ಗಳೆಂದರೆ ಪೈನ್, ದೇವದಾರು; ನಮ್ಮ ಬಂಡೆ, ಕುರುಚಲು ಗುಡ್ಡದ ಸೀಮೆಯಲ್ಲಿ ಅವನ್ನು ಎಲ್ಲಿಂದ ತರಲಿ? ಪುಣ್ಯಕ್ಕೆ ಶಾಲೆಯ ಕಾಂಪೌಂಡಿನಲ್ಲಿ ನಾಲ್ಕು ಸರ್ವೆ ಮರಗಳಿದ್ದವು. ಸೂಜಿಯಂಥ ಎಲೆ, ವರ್ಷವೆಲ್ಲ ಹಸಿರು, ಕೊಂಬೆಯ ತುಂಬ ಗಟ್ಟಿ ಗಟ್ಟಿ ಕಾಯಿ. ಪುಸ್ತಕ ಹೇಳುವ ಲಕ್ಷಣಗಳೆಲ್ಲ ಅಲ್ಲೇ ಇದ್ದವಲ್ಲ! ಹನ್ನೊಂದು ವರ್ಷ ಆ ಕಾಯಿಗಳನ್ನು ತಗಡಿನ ಡಬ್ಬಿಯಲ್ಲಿಟ್ಟು, ಮೇಲೆ ‘ಕೋನಿಫರ್ ಶಂಕು’ ಎಂದು ಚೀಟಿ ಅಂಟಿಸಿ ಪಾಠ ಮಾಡಿದೆ. ಜಾಣರಿಗೆ ಒಂದೊಂದು ಕಾಯಿ ಬಹುಮಾನವನ್ನೂ ಕೊಡುತ್ತಿದ್ದೆ.

ಹೋದ ವರ್ಷ ಕೂಡ್ಲಿಗಿಯಲ್ಲಿ ತಾಲ್ಲೂಕು ಮಟ್ಟದ ವಿಜ್ಞಾನ ಸ್ಪರ್ಧೆ ಇತ್ತು. ಶಾಲೆಗೆ ಒಬ್ಬರೇ. ಒಂಬತ್ತನೇ ತರಗತಿಗೆ ನಾನೇ ಒಂದು ಪರೀಕ್ಷೆ ಇಟ್ಟು, ಮೊದಲು ಬಂದವರು ಹೋಗಲಿ ಎಂದೆ. ಕುರಿ ಸಾಕುವ ಮನೆಯ ಹುಡುಗಿಯೊಬ್ಬಳು ಅದಕ್ಕಾಗಿ ಪಟ್ಟು ಹಿಡಿದು ಓದಿದ್ದಳು. ರಜೆಯ ದಿನ ಕುರಿಯ ಹಿಂದೆ ಹೋಗುವಾಗಲೂ ಪುಸ್ತಕ ಕಂಕುಳಲ್ಲಿ ಇರುತ್ತಿತ್ತಂತೆ.

‘ನಿಮ್ಮ ಸುತ್ತಲಿನ ಒಂದು ಕೋನಿಫರ್ ಹೆಸರಿಸಿ’ ಎಂಬುದು ಒಂದು ಪ್ರಶ್ನೆ. ಎಲ್ಲರೂ ಸರ್ವೆ ಎಂದು ಬರೆದಿದ್ದರು. ಇವಳೊಬ್ಬಳು, ‘ನಾನು ನೋಡಿದ ಮರಗಳಲ್ಲಿ ಒಂದೂ ಇಲ್ಲ. ಸರ್ವೆ ಕೋನಿಫರ್ ಅಲ್ಲ’ ಎಂದು ಬರೆದಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿದೆ. ಆ ಒಂದು ಅಂಕದಿಂದ ಅವಳು ಎರಡನೆಯವಳಾದಳು.

ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು.

“ಟೀಚರ್, ಬೀಜ ಬತ್ತಲೆ ಇದ್ರ ಕೋನಿಫರ್ ಅಂತ ನೀವ ಹೇಳಿದ್ರಿ. ಸರ್ವೆ ಬೀಜಕ್ಕ ಅಂಗಿ ಐತ್ರಿ.”

“ನೋಡ್ರಿ, ದೊಡ್ಡ ವಿಜ್ಞಾನಿ ಬಂದ್ಳು! ನನಗ ಹೇಳಿಕೊಡ್ತೀ ಏನವ್ವ?”

“ಹಂಗಲ್ರಿ. ನಮ್ಮಪ್ಪ ಸಂತ್ಯಾಗ ಮೈ ನೋಡಿ ಕುರಿ ವಯಸ್ಸು ಹೇಳಂಗಿಲ್ರಿ. ಬಾಯಿ ಬಿಡಿಸಿ ಹಲ್ಲು ನೋಡ್ತಾನ. ನಾನೂ ಬಿಡಿಸಿ ನೋಡೀನ್ರಿ.”

“ಸಾಕು, ನಡಿ” ಎಂದು ಗದರಿಸಿದೆ. ಹೋದಳು. ಆದರೆ ನನ್ನ ಸಿಟ್ಟು ಹೋಗಲಿಲ್ಲ. ಈ ಹುಡುಗಿಗೆ ಕ್ಲಾಸಿನ ಮುಂದೆಯೇ ತೋರಿಸಿ ಬಾಯಿ ಮುಚ್ಚಿಸಬೇಕು ಅನ್ನಿಸಿತು. ಡ್ರಾಯಿಂಗ್ ಮೇಷ್ಟ್ರು ಊಟಿಗೆ ಹೋದಾಗ ತಂದ ಪೈನ್ ಶಂಕು ಅವರ ಮನೆಯ ಶೋಕೇಸಿನಲ್ಲಿತ್ತು. “ನಾಳೆ ಅದನ್ನ ತರ್ರಿ” ಎಂದೆ. ತಂದರು.

ಮರುದಿನ ಮೇಜಿನ ಮೇಲೆ ಎರಡನ್ನೂ ಇಟ್ಟೆ. ಪೈನ್ ಶಂಕುವಿನ ಹಲಗೆಯಂಥ ಒಂದು ಎಸಳನ್ನು ಕಿತ್ತಾಗ ಅದರ ಮೇಲೆ ಎರಡು ಬೀಜ ರೆಕ್ಕೆ ಅಂಟಿಸಿಕೊಂಡು ಬರಿಮೈಯಲ್ಲಿ ಕೂತಿದ್ದವು. “ನೋಡ್ರಿ, ಬತ್ತಲೆ ಬೀಜ ಅಂದ್ರ ಇದು. ಈಗ ಸರ್ವೆ” ಎಂದು ಜೋರಾಗಿಯೇ ಹೇಳಿ, ಕಾಯಿಯ ಒಂದು ಪುಟ್ಟ ಬಾಯನ್ನು ಪಿನ್ನಿನಿಂದ ಬಿಡಿಸಿದೆ. ರೆಕ್ಕೆಯಿರುವ ಸಣ್ಣದೊಂದು ಕಾಳು ಉದುರಿತು. “ಇದೂ ಅದೇ” ಎನ್ನುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಅವಳ ದನಿ ಬಂತು: “ಅದನ್ನೂ ಸುಲೀರಿ ಟೀಚರ್.”

ಸುಲಿದೆ. ಸಿಪ್ಪೆ ಬಿಟ್ಟಿತು. ಬೀಜ ಅದರ ಒಳಗಿತ್ತು. ನಾನು ಬೀಜ ಅಂದುಕೊಂಡಿದ್ದೇ ಒಂದು ಪೂರ್ತಿ ಹಣ್ಣು.

ಅವಳು ಎದ್ದು ಬಂದು, ಕಾಂಪೌಂಡಿನಿಂದ ಕಿತ್ತು ತಂದಿದ್ದ ಸರ್ವೆಯ ಒಂದು ಸೂಜಿಯನ್ನು ಗಿಣ್ಣಿನಲ್ಲಿ ಎಳೆದು ನನ್ನ ಮುಂದೆ ಹಿಡಿದಳು. ಮಕ್ಕಳೆಲ್ಲ ಆಡುವ ಆಟವೇ ಅದು. ಬಿಚ್ಚಿ, ಮತ್ತೆ ಸೇರಿಸಿ, ಎಲ್ಲಿ ಮುರಿದೆ ಹೇಳು ಎನ್ನುವುದು. ಮಸೂರ ಹಿಡಿದು ನೋಡಿದೆ. ಗಿಣ್ಣಿನ ಸುತ್ತ ಸಣ್ಣ ಹಲ್ಲುಗಳ ಸಾಲು. ಅವೇ ನಿಜವಾದ ಎಲೆಗಳು. ನಾನು ಎಲೆ ಎಂದು ಕಲಿಸಿದ್ದೆಲ್ಲ ಹಸಿರು ಕಡ್ಡಿ. ಸರ್ವೆ ಹೂ ಬಿಡುವ ಗಿಡಗಳ ಗುಂಪಿನದು. ಹನ್ನೊಂದು ವರ್ಷ ನಾನು ಅದರ ಮೈ ನೋಡಿ ಜಾತಿ ಹೇಳಿದ್ದೆ.

ನನಗೆ ನಾಚಿಕೆಯಾಯಿತು. ಆದರೂ ತಪ್ಪಿಗೆ ತಾಳ ಹಾಕುವವಳಲ್ಲ ನಾನು. ಎಲ್ಲರ ಉತ್ತರಪತ್ರಿಕೆ ತರಿಸಿ, ಸರ್ವೆ ಎಂದವರ ಅಂಕ ಹೊಡೆದುಹಾಕಿ, ಅವಳಿಗೆ ಒಂದು ಅಂಕ ಕೊಟ್ಟೆ. “ಅಯ್ಯೋ ಟೀಚರ್, ನೀವ ಹೇಳಿದ್ದಲ್ರಿ!” ಎಂದು ಕ್ಲಾಸೆಲ್ಲ ಗೋಳಿಟ್ಟಿತು. “ಹೌದು, ನಾನ ಹೇಳಿದ್ದು. ತಪ್ಪು ಹೇಳಿದ್ದೆ” ಎಂದೆ. ಹೆಡ್‌ಮಾಸ್ಟರ ಹತ್ತಿರ ಹೋಗಿ ಸ್ಪರ್ಧೆಯ ಪಟ್ಟಿಯಲ್ಲಿ ಹೆಸರು ಬದಲಿಸಿ ಬಂದೆ.

ಹುಡುಗಿ ಕುಣಿಯುತ್ತಾಳೆ ಅಂದುಕೊಂಡಿದ್ದೆ. ಅವಳು ಬಾಗಿಲ ಬಳಿ ಸಪ್ಪಗೆ ನಿಂತಿದ್ದಳು.

“ಇನ್ನೇನವ್ವ?”

“ನಮ್ಮಕ್ಕನೂ ನಿಮ್ಮ ಹತ್ರನ ಕಲಿತಾಳ್ರಿ. ಈಗ ಹಿರೇಹಡಗಲಿ ಕಡೆ ಒಂದು ಸಾಲ್ಯಾಗ ಟೀಚರ್ ಅದಾಳ. ಆಕಿನೂ ಸರ್ವೆನ ತೋರಿಸ್ತಾಳ್ರಿ. ಆಕಿಗೆ ಯಾರು ಹೇಳೋರು?”

ಇವಳ ಒಂದು ಅಂಕ ಸರಿ ಮಾಡಿದ್ದೆ. ಹನ್ನೊಂದು ವರ್ಷದ ಮಕ್ಕಳನ್ನು ಎಲ್ಲಿಂದ ಹುಡುಕಲಿ? ಇರಲಿ, ಒಬ್ಬಳಾದರೂ ಸಿಕ್ಕಳಲ್ಲ ಎಂದು ನಂಬರು ಕೇಳಿ ಅಲ್ಲೇ ಫೋನು ಹಚ್ಚಿದೆ. ನನ್ನ ದನಿ ಕೇಳಿ ಅಕ್ಕನಿಗೆ ಖುಷಿಯೋ ಖುಷಿ.

“ಮೇಡಂ! ನೀವು ಬಹುಮಾನ ಕೊಟ್ಟ ಕಾಯಿ ಇನ್ನೂ ಇಟ್ಕೊಂಡೀನ್ರಿ. ನನ್ನ ಹುಡುಗರಿಗೆ ಅದನ್ನ ತೋರಿಸೋದು.”

ಎಲ್ಲವನ್ನೂ ಹೇಳಿದೆ. “ಅದನ್ನ ಒಗಿಬ್ಯಾಡವ್ವ. ನಾಳೆ ಕ್ಲಾಸಿನ್ಯಾಗ ಬಿಡಿಸಿ ತೋರಿಸು. ನಮ್ಮ ಟೀಚರ್ ತಪ್ಪು ಹೇಳಿದ್ರು ಅಂತ ಮೊದಲು ಹೇಳು.”

“ಹಂಗ ಹೆಂಗ ಹೇಳ್ಲಿ ಮೇಡಂ, ನಿಮ್ಮ ಬಗ್ಗೆ?”

“ಹೇಳು” ಎಂದೆ. “ನಿನ್ನ ತಂಗಿ ನನ್ನ ಮುಂದನ ಹೇಳ್ಯಾಳ.”