ಮಿಕ್ಕ ಒಂದು ಹುಣಸೆಬೀಜ

ಹುಣಸೆಬೀಜ ಹುರಿದ ವಾಸನೆ ಬಂದರೆ ಜಂಗಮಕೋಟೆಯ ಆ ಮನೆ ಈಗಲೂ ಕಣ್ಣೆದುರು ಬಂದು ನಿಲ್ಲುತ್ತದೆ. ನಡುಮನೆಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಹಸಿ ಗಮಲು, ರೇಷ್ಮೆಹುಳುಗಳು ಸೊಪ್ಪು ಮೇಯುವ ಸರಸರ ಸದ್ದು, ಕಾಲು ಚಾಚಿ ಕೂತ ಅಜ್ಜಿ. ಬೇಸಿಗೆಯಲ್ಲಿ ಹುಣಸೆಹಣ್ಣು ಬಿಡಿಸಿ ಬೀಜವನ್ನೆಲ್ಲ ಎಣಿಸಿ ಮಡಕೆಗೆ ತುಂಬುತ್ತಿದ್ದಳು. ಆ ವರ್ಷ ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ ಮೂವರೂ ಮನೆ ಪಾಲು ಮಾಡಿಕೊಳ್ಳಬೇಕೆಂದು ಹಟ ಹಿಡಿದರು. ಹುಳುಗಳಿಗೆ ಸೊಪ್ಪು ಹಾಕುವ ಸರದಿಗೆ ಶುರುವಾದ ಜಗಳ. ಅಜ್ಜಿ ಮಡಕೆ ಬೋರಲು ಹಾಕಿ, "ಎರಡು ಸಾವಿರದ ಐನೂರ ಇಪ್ಪತ್ತೊಂದು ಐತೆ. ಒಂದೂ ಮಿಗದಂಗೆ ಸಮ ಮಾಡ್ರಿ, ಆಮೇಲೆ ಮನೆ ಮುಟ್ರಿ" ಎಂದಳು.

ಮೂರು ಗುಡ್ಡೆ ಹಾಕಿದರು, ಒಂದು ಮಿಕ್ಕಿತು. ಅಜ್ಜಿಯನ್ನೂ ಸೇರಿಸಿ ನಾಲ್ಕು, ಮದುವೆಯಾಗದ ಅತ್ತೆಯನ್ನೂ ಸೇರಿಸಿ ಐದು. ಆಗಲೂ ಒಂದು ಮಿಕ್ಕಿತು. "ಏಮ್ರಾ, ಇದೊಂದು ಯಾರ್ಗೆ?" ಎಂದಳು ಅಜ್ಜಿ. "ನೀನೇ ಇಟ್ಕೊಳ್ಳಮ್ಮ" ಎಂದ ದೊಡ್ಡಪ್ಪ. "ಇಟ್ಕೊಂತೀನಿ. ನನ್ನ ಯಾರು ಇಟ್ಕೊಂತೀರೋ?" ಮೂವರೂ ಬೀಜ ಬಾಚಿ ಮತ್ತೆ ಮಡಕೆಗೆ ತುಂಬಿದರು. ಮನೆ ಹಾಗೇ ಉಳಿಯಿತು.

ನನಗೆ ಎಂಟೋ ಒಂಬತ್ತೋ ವಯಸ್ಸು. ಮಡಕೆಯಿಂದ ಒಂದು ಬೀಜ ಕದ್ದು, ಜಗಲಿ ಕಲ್ಲಿಗೆ ಗಸಗಸ ಉಜ್ಜಿ, ಬಿಸಿಯೇರಿದ ಮೇಲೆ ದೊಡ್ಡಪ್ಪನ ಮಗಳ ತೋಳಿಗೆ ಚುರುಕ್ ಅನ್ನಿಸಿದೆ. ಅವಳು ಕಿರುಚಿದಳು, ನಾನು ನಕ್ಕೆ. ಬೀಜ ಅರ್ಧ ಸವೆದಿತ್ತು, ಬಿಸಾಕಿದೆ. ಮರುವಾರ ಅಣ್ಣತಮ್ಮಂದಿರು ಮತ್ತೆ ಮಡಕೆ ಸುರಿದರು. ಮೂರು ಗುಡ್ಡೆಯೂ ಸರಿಸಮ ಬಂತು. ಅಜ್ಜಿ ನೆಲ ನೋಡಿದಳು, ಆಮೇಲೆ ನನ್ನ ಕೈ ನೋಡಿದಳು. ಬೈಯಲಿಲ್ಲ. ನಡುಮನೆಗೆ ಗೋಡೆ ಎದ್ದಿತು. ಅಜ್ಜಿ ಒಬ್ಬೊಬ್ಬ ಮಗನ ಹತ್ತಿರ ನಾಲ್ಕು ನಾಲ್ಕು ತಿಂಗಳು ಉಂಡು, ಚಿಕ್ಕಪ್ಪನ ಸರದಿಯಲ್ಲಿ ಸತ್ತಳು.

ಮೊನ್ನೆ ಚಿಂತಾಮಣಿಯಲ್ಲಿ ನನ್ನ ಮೊಮ್ಮಗಳು ಲೆಕ್ಕ ಮಾಡುತ್ತಾ, ಯಾವುದಾದರೂ ಒಂದು ಸಂಖ್ಯೆ ಹೇಳು ಎಂದಳು. ಬಾಯಿಗೆ ಬಂದ, ಮಡಕೆಯ ಬೀಜದ ಆ ಸಂಖ್ಯೆಯನ್ನೇ ಹೇಳಿದೆ. "ಅಜ್ಜಿ, ಇದು ಪ್ರೈಮ್ ನಂಬರ್ ಕಣಜ್ಜಿ! ಎಷ್ಟು ಜನಕ್ಕೆ ಹಂಚಿದ್ರೂ ಸಮ ಬರಲ್ಲ."

"ಒಂದು ತೆಗೆದ್ರೆ?"

"ಅಯ್ಯೋ, ಆಗ ಉಲ್ಟಾ. ಇಬ್ಬರಿಂದ ಹತ್ತು ಜನದವರೆಗೆ ಎಷ್ಟು ಜನ ಬಂದ್ರೂ ಸಮ ಆಗ್ತದೆ."

ನನಗೆ ತಲೆ ಕೆಟ್ಟುಹೋಯಿತು. ಎರಡನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು, ಅಜ್ಜಿ ಅದನ್ನೂ ಕಂಡವಳಲ್ಲ. ಹಂಚಲಾಗದ ಸಂಖ್ಯೆಯನ್ನು ಅವಳು ಹುಡುಕಿ ಇಟ್ಟಿದ್ದಳೋ, ಅದೇ ತಾನಾಗಿ ಬಂದಿತ್ತೋ? ನಾನು ಮುರಿದದ್ದು ಬರೀ ಒಂದು ಬೀಜವೋ, ಮನೆಯೋ? ಆ ಮೂವರು ಹೇಗಿದ್ದರೂ ಪಾಲಾಗುತ್ತಿದ್ದರು ಎಂದುಕೊಳ್ಳುತ್ತೇನೆ, ಮರುಗಳಿಗೆಗೆ ಇಲ್ಲ ಅನ್ನಿಸುತ್ತದೆ. ಒಂದು ಮಾತ್ರ ಎಷ್ಟು ಯೋಚಿಸಿದರೂ ತಿಳಿಯುವುದಿಲ್ಲ. ಹಿತ್ತಲ ತುಂಬ ಹುಣಸೆಬೀಜ ಬಿದ್ದಿತ್ತು. ಬಗ್ಗಿ ಒಂದನ್ನೆತ್ತಿ ಮಡಕೆಗೆ ಹಾಕಿದ್ದರೆ ಸಾಕಿತ್ತು. ಅಜ್ಜಿ ಬಗ್ಗಲಿಲ್ಲ. ನಾನೂ ಬಗ್ಗಲಿಲ್ಲ.