ಮಾಣಿಕಪ್ಪನ ಎಡಗೈ

2002ರಲ್ಲಿ ನಾನು ಹುಮನಾಬಾದಿನ ಒಂದು ಆಸ್ಪತ್ರೆಯಲ್ಲಿ ಹಿರಿಯ ಸ್ಟಾಫ್ ನರ್ಸ್ ಆಗಿದ್ದೆ. ಕೆಲಸಕ್ಕೆ ಸೇರಿ ಹನ್ನೊಂದು ವರ್ಷ ಕಳೆದಿತ್ತು. ಡ್ರೆಸ್ಸಿಂಗ್ ಮಾಡಿಸಿಕೊಳ್ಳಲು ಬಂದವರು ಗಾಯದ ಮಾತು ಎರಡು ಹೇಳಿದರೆ ಮನೆಯ ಮಾತು ಇಪ್ಪತ್ತು ಹೇಳುತ್ತಿದ್ದರು. ಅದಕ್ಕೆ ಏನು ಉತ್ತರ ಕೊಡಬೇಕು ಎಂಬುದು ನನಗೆ ತಿಳಿಯುತ್ತಿರಲಿಲ್ಲ. ಆ ಕಾರಣಕ್ಕೇ ಹಿಂದಿನ ವರ್ಷ ಆಪ್ತಸಮಾಲೋಚನೆ ಮತ್ತು ಮನೋಚಿಕಿತ್ಸೆಯ ಸ್ನಾತಕೋತ್ತರ ಡಿಪ್ಲೊಮಾ ಸೇರಿದ್ದೆ. ಎರಡು ವರ್ಷದ ಓದು. ತಿಂಗಳಿಗೆ ಎರಡು ಭಾನುವಾರ ಗುಲಬರ್ಗಾದಲ್ಲಿ ತರಗತಿ; ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಮರಳುತ್ತಿದ್ದೆ.

ಎರಡನೆಯ ವರ್ಷದಲ್ಲಿ ಪ್ರಾಕ್ಟಿಕಮ್ ಎಂಬುದೊಂದಿತ್ತು. ಒಬ್ಬ ವ್ಯಕ್ತಿಯನ್ನು ಕನಿಷ್ಠ ಹನ್ನೆರಡು ಸಲ ಭೇಟಿಯಾಗಬೇಕು. ಪ್ರತಿ ಭೇಟಿಯನ್ನೂ ಅವರ ಒಪ್ಪಿಗೆ ಪಡೆದು ಟೇಪ್ ಮಾಡಬೇಕು, ನಂತರ ಕೇಳಿಕೊಂಡು ಆಡಿದ ಮಾತನ್ನು ಆಡಿದ ಹಾಗೇ ಬರೆದಿಳಿಸಬೇಕು. ಇದಕ್ಕೆ ವರ್ಬೇಟಿಮ್ ಎನ್ನುತ್ತಾರೆ. ಆ ಬರಹವನ್ನೂ ಟೇಪನ್ನೂ ನಮ್ಮ ಸೂಪರ್‌ವೈಸರ್ ಪರಿಶೀಲಿಸುತ್ತಿದ್ದರು. ಸೂಪರ್‌ವೈಸರ್ ಎಂದರೆ ಕಲಿಯುವವರ ತಪ್ಪು ರೋಗಿಯ ಮೇಲೆ ಬೀಳದಂತೆ ಹಿಂದೆ ನಿಂತು ನೋಡುವವರು. ನನಗಿದ್ದವರು ಮೈಸೂರು ಕಡೆಯ ಒಬ್ಬ ಪ್ರಾಧ್ಯಾಪಕಿ. ಮಿತಭಾಷಿ. ನಾವು ಅವರನ್ನು ಮೇಡಂ ಎಂದಷ್ಟೇ ಕರೆಯುತ್ತಿದ್ದೆವು.

ಮಾಣಿಕಪ್ಪನನ್ನು ನನ್ನ ಬಳಿಗೆ ಕಳಿಸಿದವರು ನಮ್ಮ ಆಸ್ಪತ್ರೆಯ ಎಲುಬಿನ ಡಾಕ್ಟರು. ಹೆಸರು ಬದಲಿಸಿದ್ದೇನೆ, ಮುಂದೆ ಬರುವ ಹೆಸರುಗಳೂ ಬದಲಾದವೇ. ಬಸವಕಲ್ಯಾಣ ತಾಲ್ಲೂಕಿನ ರಾಜೇಶ್ವರದ ರೈತ, ವಯಸ್ಸು ಮೂವತ್ತೆರಡು. ಹತ್ತು ತಿಂಗಳ ಹಿಂದೆ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಪಲ್ಟಿಯಾಗಿ ಅವನ ಅಣ್ಣ ಶಿವರಾಜ ತೀರಿಕೊಂಡಿದ್ದ. ಜೊತೆಗಿದ್ದ ಮಾಣಿಕಪ್ಪನಿಗೆ ತರಚು ಗಾಯ ಬಿಟ್ಟರೆ ಏನೂ ಆಗಿರಲಿಲ್ಲ. ಆದರೆ ಅಣ್ಣನ ತಿಂಗಳ ಕಾರ್ಯ ಮುಗಿದ ವಾರದಿಂದ ಎಡಗೈ ಮೇಲೇಳುತ್ತಿರಲಿಲ್ಲ. ಸೋಲಾಪುರಕ್ಕೆ ಹೋಗಿ ನರಗಳ ಪರೀಕ್ಷೆ ಮಾಡಿಸಿದ್ದರು. ಎಲ್ಲ ಸರಿಯಿತ್ತು.

‘ನರ ಸುದ್ದ ಅದಾವ, ಎಲುಬು ಸುದ್ದ ಅದಾವ. ಕೈ ಮಾತ್ರ ಏಳವಲ್ದು. ನಿಮ್ಮ ಓದಿಗೆ ಒಂದು ಕೇಸ್ ಬೇಕು ಅಂತಿದ್ರಲ್ಲ, ನೋಡ್ರಿ’ ಎಂದರು ಡಾಕ್ಟರು.

ನಮ್ಮ ಪುಸ್ತಕದಲ್ಲಿ ಇದಕ್ಕೆ ಕನ್ವರ್ಷನ್ ಎಂಬ ಹೆಸರಿತ್ತು. ಮನಸ್ಸು ಹೊರಲಾರದ ಸಂಕಟ ದೇಹದ ಒಂದು ಭಾಗದಲ್ಲಿ ಬಂದು ಕೂಡುವುದು. ಅದು ನಟನೆಯಲ್ಲ. ಆ ಮನುಷ್ಯನಿಗೆ ಕೈ ನಿಜಕ್ಕೂ ಏಳುವುದಿಲ್ಲ.

ಆಸ್ಪತ್ರೆಯ ಹಳೆಯ ಎಕ್ಸ್‌ರೇ ಕೋಣೆಯಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ನಾವು ಕೂಡುತ್ತಿದ್ದೆವು. ಮೊದಲ ದಿನವೇ ನಾನು ಮುಗ್ಗರಿಸಿದೆ. ನಾನು ಕಲಿತದ್ದೆಲ್ಲ ಇಂಗ್ಲಿಷಿನಲ್ಲಿ. ಅದನ್ನೇ ಗ್ರಂಥದ ಕನ್ನಡಕ್ಕೆ ತಂದು, ‘ಅಣ್ಣನ ಸಾವಿನ ಬಗ್ಗೆ ನಿಮ್ಮ ಭಾವನೆಗಳೇನು?’ ಎಂದು ಕೇಳಿದೆ.

ಅವನು ನನ್ನನ್ನೇ ತಿರುಗಿ ಕೇಳಿದ: ‘ಭಾವನಾ ಅಂದ್ರ ಏನ್ ಹೇಳಬೇಕ್ರಿ ಸಿಸ್ಟರ್?’

ಆ ಟೇಪನ್ನು ಕೇಳಿದ ಮೇಡಂ, ‘ನೀವು ಮನೆಯಲ್ಲಿ ಹೀಗೆ ಮಾತನಾಡುತ್ತೀರಾ?’ ಎಂದರು. ಇಲ್ಲ ಎಂದೆ. ‘ಹಾಗಾದರೆ ಅಲ್ಲೂ ಬೇಡ.’ ಮುಂದಿನ ಗುರುವಾರ, ‘ಅಣ್ಣನ ನೆನಪು ಬಂದಾಗ ಜೀವಕ್ಕ ಹ್ಯಾಂಗ ಆಗ್ತದ?’ ಎಂದು ಕೇಳಿದೆ. ಅವನು ಬಲಗೈಯನ್ನು ಎದೆಯ ಮೇಲಿಟ್ಟುಕೊಂಡು, ‘ಇಲ್ಲಿ ಕಲ್ಲು ಕುಂತಂಗ ಆಗ್ತದ್ರಿ. ಉಸರ ತಿರಗಂಗಿಲ್ಲ’ ಎಂದ. ಮಾತು ಅಲ್ಲಿಂದ ಶುರುವಾಯಿತು.

ಅಪಘಾತದ ಕಥೆಯನ್ನು ಅವನು ಮೂರು ಭೇಟಿಗಳಲ್ಲಿ ಮೂರು ಸಲ ಹೇಳಿದ. ಹಳ್ಳಿಖೇಡದ ಕಾರ್ಖಾನೆಗೆ ಕಬ್ಬು ಒಯ್ದಿದ್ದರು. ಪಾಳಿಯಲ್ಲಿ ಇಡೀ ದಿನ ಕಾದು, ಮರುದಿನ ಬೆಳಗ್ಗೆ ಟ್ರೇಲರ್ ಖಾಲಿ ಮಾಡಿಕೊಂಡು ಊರ ಕಡೆ ಹೊರಟಿದ್ದರು. ಒಂದು ಸಣ್ಣ ಸೇತುವೆಯ ಬಳಿ ಎದುರಿಗೆ ಬಸ್ಸು ಬಂತು. ದಾರಿ ಕೊಡಲು ಎಡಕ್ಕೆ ಎಳೆದಾಗ ಗಾಲಿ ರಸ್ತೆಯಿಂದ ಕೆಳಗಿಳಿದು ಟ್ರ್ಯಾಕ್ಟರ್ ಮಗುಚಿತು. ಅಣ್ಣ ಗಾಡಿ ಹೊಡೆಯುತ್ತಿದ್ದ, ತಾನು ಪಕ್ಕದ ಮಡ್‌ಗಾರ್ಡ್ ಮೇಲೆ ಕೂತಿದ್ದೆ ಎಂದ. ಪೊಲೀಸರ ಕಾಗದದಲ್ಲೂ ಹಾಗೇ ಇತ್ತು. ಶಿವರಾಜ ಕುಡಿದು ಹೊಡೆದ ಎಂದು ಊರಲ್ಲಿ ಕೆಲವರು ಆಡಿಕೊಳ್ಳುತ್ತಿದ್ದರು.

ನಾಲ್ಕನೆಯ ಭೇಟಿಯ ಬರಹ ಒಪ್ಪಿಸಿದ ಭಾನುವಾರ ಮೇಡಂ ನನ್ನನ್ನು ತರಗತಿಯ ನಂತರ ಕೂಡಿಸಿಕೊಂಡರು. ಟೇಪನ್ನು ಹಿಂದಕ್ಕೆ ತಿರುಗಿಸಿ ಒಂದು ಕಡೆ ನಿಲ್ಲಿಸಿ ಹಚ್ಚಿದರು. ಮಾಣಿಕಪ್ಪನ ದನಿ: ‘ಬಸ್ ಬಂತ್ರಿ, ಅವಾಗ ನಾ ಜೋರ್‌ಲೆ ಬ್ರೇಕ್ ಒತ್ತಿದೆ… ಅಣ್ಣ ಒತ್ತಿದ್ರಿ, ಒತ್ತಿದ್ರೂ ನಿಲ್ಲಲಿಲ್ಲ.’

ನನ್ನ ಕಾಗದದಲ್ಲಿ ‘ಅಣ್ಣ ಜೋರ್‌ಲೆ ಬ್ರೇಕ್ ಒತ್ತಿದ’ ಎಂದಷ್ಟೇ ಇತ್ತು.

‘ಇದನ್ನು ಯಾಕೆ ತಿದ್ದಿದಿರಿ?’

ಬಾಯಿ ತಪ್ಪಿ ಬಂದದ್ದು ಎಂದು ಸರಿ ಮಾಡಿದೆ ಎಂದು ಹೇಳಿದೆ. ಸುಳ್ಳೇನೂ ಅಲ್ಲ. ಅಂದವಾದ ಬರಹ ಒಪ್ಪಿಸಬೇಕೆಂಬ ಆಸೆಯಲ್ಲಿ, ತಡವರಿಕೆ ತೊದಲುಗಳ ಜೊತೆ ಅದನ್ನೂ ತೆಗೆದುಹಾಕಿದ್ದೆ. ಹೇಳುತ್ತಿರುವಾಗಲೇ ಅದರ ಅರ್ಥ ನನಗೆ ಹೊಳೆಯಿತು.

‘ನಾನೀಗ ಅವರನ್ನು ಕೇಳಲೇ ಮೇಡಂ?’

‘ಕೇಳಬೇಡಿ. ನೀವು ಪೊಲೀಸರಲ್ಲ. ನಿಮ್ಮ ಊಹೆ ತಪ್ಪೂ ಇರಬಹುದು. ಅವರು ಹೇಳುವುದಾದರೆ ಕೇಳಿಸಿಕೊಳ್ಳಲು ನೀವು ಗಟ್ಟಿಯಾಗಿರಿ, ಅಷ್ಟು ಸಾಕು.’

ಮುಂದಿನ ಎರಡು ಗುರುವಾರ ನನ್ನ ಮಟ್ಟಿಗೆ ಬಹಳ ಕಷ್ಟದವು. ಅವನು ಮಳೆ, ತೊಗರಿ, ಅತ್ತಿಗೆ ಮಹಾದೇವಿಯ ಮಾತು ಆಡುತ್ತಿದ್ದ. ಆ ಭಾಗದಲ್ಲಿ ಅತ್ತಿಗೆಯನ್ನು ವೈನಿ ಎನ್ನುತ್ತಾರೆ. ವೈನಿ ಈಗಲೂ ತನಗೆ ಬಿಸಿ ರೊಟ್ಟಿ ಬಡಿದು ಹಾಕುತ್ತಾಳೆ, ಕೈ ಏಳುವುದಿಲ್ಲವೆಂದು ರೊಟ್ಟಿ ಮುರಿದು ಕೊಡುತ್ತಾಳೆ ಎಂದು ಹೇಳುತ್ತಿದ್ದ. ಬ್ರೇಕಿನ ಮಾತು ನಾಲಿಗೆಯ ತುದಿಗೆ ಬಂದರೂ ನಾನು ಕೇಳುತ್ತಿರಲಿಲ್ಲ.

ಏಳನೆಯ ಭೇಟಿಯಲ್ಲಿ ಅವನು ಬಂದವನೇ ಟೇಪ್ ರೆಕಾರ್ಡರ್ ಕಡೆ ನೋಡಿ, ‘ಅದನ್ನ ಬಂದ್ ಮಾಡ್ರಿ’ ಎಂದ. ಮಾಡಿದೆ.

‘ಗಾಡಿ ನಾನೇ ಹೊಡ್ಯಾಕತ್ತಿದ್ದೆ ಸಿಸ್ಟರ್.’

ಅವನಲ್ಲಿ ಲೈಸೆನ್ಸ್ ಇರಲಿಲ್ಲ. ಅಣ್ಣನಲ್ಲಿತ್ತು. ಪಾಳಿಯಲ್ಲಿ ನಿದ್ದೆಗೆಟ್ಟಿದ್ದ ಅಣ್ಣನನ್ನು ಮಲಗು ಎಂದು ಹೇಳಿ ತಾನು ಸ್ಟೇರಿಂಗ್ ಹಿಡಿದಿದ್ದ. ಬಿದ್ದ ಮೇಲೆ ಆಸ್ಪತ್ರೆಗೆ ಪೊಲೀಸರು ಬಂದು ಯಾರು ಹೊಡೆಯುತ್ತಿದ್ದರು ಎಂದು ಕೇಳಿದರು. ಆಗ ಶಿವರಾಜ ಇನ್ನೂ ಉಸಿರಾಡುತ್ತಿದ್ದ.

‘ಅಣ್ಣ ಬದಕ್ತಾನ ಅಂತ ತಿಳ್ಕೊಂಡು ಅವನ ಹೆಸರ ಹೇಳಿದೆ. ಎದ್ದ ಮ್ಯಾಲ ನಕ್ಕು ಒಂದೆರಡು ಬೈತಾನ, ಮುಗೀತದ ಅಂದ್ಕೊಂಡಿದ್ದೆ. ಸಂಜೀಕ ಹೋಗೇಬಿಟ್ಟ. ಆಮ್ಯಾಲ ಯಾರ ಮುಂದ ಹ್ಯಾಂಗ ಹೇಳ್ಲಿ? ಊರ ಮಂದಿ ಅವ ಕುಡದಿದ್ದ ಅಂತಾರ. ಅವ ಚಾ ಬಿಟ್ರ ಏನೂ ಕುಡದವ ಅಲ್ರಿ.’

ಸತ್ಯ ಹೊರಬಿದ್ದ ಗಳಿಗೆಯಲ್ಲಿ ಕೈ ಮೇಲೆದ್ದಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ಹದಿನೈದು ದಿನ ಕಳೆದ ಮೇಲೆ ಎಡಗೈ ಬೆರಳುಗಳು ಮಡಚತೊಡಗಿದವು. ಮೊಣಕೈ ಬರಲು ಇನ್ನೆರಡು ತಿಂಗಳು ಹಿಡಿಯಿತು.

ಮರು ಗುರುವಾರ ಅವನು ಎರಡು ಮಾತು ಕೇಳಿದ. ಮೊದಲನೆಯದು, ‘ಹಿಂದಿನ ಟೇಪ್ ಯಾರ್ ಯಾರ್ ಕೇಳ್ಯಾರ್ರಿ?’ ನಾನು ಮತ್ತು ನನ್ನ ಮೇಡಂ ಎಂದು ಹೇಳಿದೆ. ಕೊನೆಗೆ ಪರೀಕ್ಷಕರೂ ಕೇಳಬಹುದು ಎಂಬುದನ್ನೂ ಮುಚ್ಚಿಡಲಿಲ್ಲ. ‘ನನಗ ಅವು ವಾಪಸ್ ಬೇಕ್ರಿ’ ಎಂದ. ಒಪ್ಪಿಗೆ ಪತ್ರಕ್ಕೆ ಅವನು ಹೆಬ್ಬೆಟ್ಟಲ್ಲ, ಸಹಿಯನ್ನೇ ಹಾಕಿದ್ದ. ಆದರೆ ಯಾವಾಗ ಬೇಕಾದರೂ ಒಪ್ಪಿಗೆ ಹಿಂಪಡೆಯಬಹುದು ಎಂದು ಅದೇ ಪತ್ರದಲ್ಲಿತ್ತು. ಪರೀಕ್ಷೆಗೆ ಏಳು ವಾರ ಉಳಿದಿತ್ತು. ಮನಸ್ಸು ಒಂದು ಕ್ಷಣ ದಾರಿ ಹುಡುಕಿತು: ಹೆಸರು ಅಳಿಸಿ ಒಪ್ಪಿಸಿದರೆ ಹೇಗೆ, ಮೊದಲ ಮೂರು ಟೇಪ್ ಮಾತ್ರ ಇಟ್ಟುಕೊಂಡರೆ ಹೇಗೆ. ನಂತರ ಕಪಾಟು ತೆಗೆದು ಆರೂ ಕ್ಯಾಸೆಟ್‌ಗಳನ್ನೂ ಬರಹದ ಕಟ್ಟನ್ನೂ ಅವನ ಚೀಲಕ್ಕೆ ಹಾಕಿದೆ. ನಾನು ಆ ವರ್ಷ ಪ್ರಾಕ್ಟಿಕಮ್‌ನಲ್ಲಿ ಅನುತ್ತೀರ್ಣಳಾದೆ. ಬೇರೊಬ್ಬರೊಂದಿಗೆ ಮೊದಲಿನಿಂದ ಶುರುಮಾಡಿ ಮುಂದಿನ ವರ್ಷ ಮುಗಿಸಿದೆ. ಮೇಡಂ ಈ ಬಗ್ಗೆ ಹೊಗಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಆ ಹೊತ್ತಿಗೆ ನನಗೆ ಅದು ಸ್ವಲ್ಪ ನೋವೇ ಆಯಿತು.

ಎರಡನೆಯ ಮಾತು, ‘ವೈನಿಗೆ ನೀವೇ ಹೇಳ್ರಿ. ನನ್ನ ಬಾಯಿಂದ ಆಗಂಗಿಲ್ಲ.’

ಅದು ನನ್ನಿಂದ ಆಗುವ ಕೆಲಸವಲ್ಲ ಎಂದೆ. ಹೇಳಲೇಬೇಕೆಂದು ನಾನು ಒತ್ತಾಯ ಮಾಡುವುದೂ ಇಲ್ಲ, ಹೇಳುವುದಾದರೆ ಈ ಕೋಣೆಯಲ್ಲಿ ಹೇಳಬಹುದು, ನಾನು ಪಕ್ಕದಲ್ಲಿರುತ್ತೇನೆ ಎಂದೆ. ಮೂರು ವಾರ ಅವನು ಬರಲಿಲ್ಲ. ನಾಲ್ಕನೆಯ ವಾರ ವೈನಿಯನ್ನು ಕರೆದುಕೊಂಡು ಬಂದ.

ಮಹಾದೇವಿಗೆ ಆಗ ಮೂವತ್ತಾರೋ ಮೂವತ್ತೇಳೋ ಇರಬಹುದು. ಕೈ ಗುಣವಾಗುವುದರ ಬಗ್ಗೆ ಏನೋ ಹೇಳುತ್ತಾರೆ ಎಂದುಕೊಂಡು ಬಂದಿದ್ದಳು. ‘ಹ್ಯಾಂಗಾದ್ರೂ ಮಾಡಿ ಇವನ ಕೈ ಎಬ್ಬಸ್ರಿ, ಮನ್ಯಾಗ ದುಡ್ಯಾವ ಇವನೊಬ್ನೇ ಉಳದಾನ’ ಎಂದು ನನಗೆ ಕೈಮುಗಿದಳು. ಮಾಣಿಕಪ್ಪ ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತ. ನಾಲ್ಕೈದು ಮಾತಿನಲ್ಲಿ ಎಲ್ಲವನ್ನೂ ಹೇಳಿ ಮುಗಿಸಿದ.

ಅವಳು ಅಳಲಿಲ್ಲ. ಸೆರಗನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳು. ಆಮೇಲೆ ಕೇಳಿದಳು: ‘ಅವಾಗ ಅವರು ಏನ್ ಮಾಡಾಕತ್ತಿದ್ರು?’

‘ನಿದ್ದಿ ಮಾಡಾಕತ್ತಿದ್ದ ವೈನಿ. ಈ ಭುಜಕ್ಕ ತಲಿ ಆನಿಸಿದ್ದ.’ ಅವನು ಬಲಗೈಯಿಂದ ಎಡಭುಜವನ್ನು ಮುಟ್ಟಿ ತೋರಿಸಿದ.

ನನಗೂ ಅದು ಹೊಸ ಸಂಗತಿ. ಹಿಂದಿನ ಎಂಟು ಭೇಟಿಗಳಲ್ಲಿ ಅವನು ಅದನ್ನು ಹೇಳಿರಲಿಲ್ಲ.

ಮಹಾದೇವಿ ಎದ್ದು ನಿಂತಳು. ‘ಸಾಲ್ಯಾಗ ನನ್ನ ಮಗಳಿಗಿ ಕುಡುಕನ ಮಗಳು ಅಂತಾರ. ಎಂಟು ದಿನ ಆಯ್ತು, ಆಕಿ ಸಾಲಿಗಿ ಹೋಗವಲ್ಲಳು. ನೀ ಇಲ್ಲಿ ಕೋಣ್ಯಾಗ ಹೇಳಿದ್ರ ಆಗಂಗಿಲ್ಲ ಮಾಣಿಕ. ಊರಾಗ ಹೇಳು.’ ಅಷ್ಟು ಹೇಳಿ ಹೊರಗೆ ಹೋದಳು. ಮಾಣಿಕಪ್ಪ ಹಿಂದೆ ಹೋಗಲು ಎದ್ದಾಗ, ಸ್ವಲ್ಪ ಹೊತ್ತು ಬಿಡಿ ಎಂದು ನಾನೇ ಅವನನ್ನು ತಡೆದೆ. ಅವಳು ಒಬ್ಬಳೇ ಬಸ್ ಹಿಡಿದು ಊರಿಗೆ ಹೋದಳೆಂದು ನಂತರ ತಿಳಿಯಿತು.

ಅವನು ಊರಲ್ಲಿ ಹೇಳಿದ. ಮಠದ ಅಂಗಳದಲ್ಲಿ ಹಿರಿಯರನ್ನು ಕೂಡಿಸಿ, ಅಣ್ಣ ಕುಡಿದಿರಲಿಲ್ಲ, ಹೊಡೆದವನು ನಾನು ಎಂದ. ಮರುದಿನ ಪೊಲೀಸ್ ಠಾಣೆಗೂ ಹೋದ. ಬಸವಕಲ್ಯಾಣದ ಕೋರ್ಟಿನಲ್ಲಿ ಕೇಸು ಎರಡು ವರ್ಷ ನಡೆದು ಮೂರು ತಿಂಗಳ ಸಜೆಯಾಯಿತು. ಅನುಭವಿಸಿ ಬಂದ. ಎಡಗೈ ಭುಜದ ಮಟ್ಟಕ್ಕೆ ಏಳುತ್ತದೆ, ಅದಕ್ಕಿಂತ ಮೇಲಕ್ಕೆ ಇಂದಿಗೂ ಏಳುವುದಿಲ್ಲ. ಮನೆಯಲ್ಲಿ ಒಲೆ ಎರಡಾಯಿತು. ಹುಡುಗಿ ಶಾಲೆಗೆ ಮರಳಿದಳು.

ನನ್ನ ಡಿಪ್ಲೊಮಾ ಮುಗಿದಿತ್ತು. 2005ರಿಂದ ನಾನು ಬಸವಕಲ್ಯಾಣದಲ್ಲಿ ವಾರಕ್ಕೆ ಮೂರು ದಿನ ಆಪ್ತಸಮಾಲೋಚಕಿಯಾಗಿ ಕೂಡತೊಡಗಿದೆ. ಈ ಕೇಸನ್ನು ನಾನು ಮನಸ್ಸಿನಲ್ಲೇ ಯಶಸ್ವಿ ಎಂದು ಎಣಿಸಿಕೊಂಡಿದ್ದೆ. ಟೇಪ್ ಕೊಟ್ಟುಬಿಟ್ಟ ನನ್ನ ನಡತೆಯ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಆ ವರ್ಷದ ಕೊನೆಗೆ ಒಂದು ದಿನ ಮಹಾದೇವಿ ಬಂದಳು. ಜೊತೆಗೆ ಯಾರೂ ಇರಲಿಲ್ಲ. ಕೂಡಿ ಎಂದರೂ ಬಾಗಿಲ ಹತ್ತಿರವೇ ನಿಂತಿದ್ದಳು.

‘ನಿಮಗ ಒಂದು ಮಾತು ಕೇಳಬೇಕಂತ ಮೂರು ವರ್ಷ ಆಯ್ತ್ರಿ, ತಡಕೊಂಡೀನಿ’ ಎಂದಳು. ದನಿಯಲ್ಲಿ ಏರಿಳಿತ ಇರಲಿಲ್ಲ. ‘ಅವನ ಎದಿ ಮ್ಯಾಲಿನ ಕಲ್ಲು ತಗದ್ರಿ, ಚೊಲೋ ಆಯ್ತು. ತಗದು ಎಲ್ಲಿ ಇಟ್ರಿ? ನನ್ನ ಎದಿ ಮ್ಯಾಲ ಇಟ್ರಿ. ಅವನಿಗಿ ಹತ್ತು ಸರ್ತಿ ಕೂಡಿಸ್ಕೊಂಡು ಕೇಳಿದ್ರಿ. ನಾ ಅವತ್ತ ಆ ಕೋಣಿ ಬಿಟ್ಟು ಹ್ಯಾಂಗ ಮನಿ ಮುಟ್ಟಿದೆ, ಯಾರಾರ ಕೇಳಿದ್ರೇನ್ರಿ?’

ನೆಪ ಹೇಳಲು ಯತ್ನಿಸಲಿಲ್ಲ ಎಂಬುದೊಂದೇ ನಾನು ಆ ದಿನ ಮಾಡಿದ ಸರಿಯಾದ ಕೆಲಸ. ‘ಕೇಳಲಿಲ್ರಿ. ತಪ್ಪಾತು’ ಎಂದೆ.

ಅವಳು ಬಂದು ಕುರ್ಚಿಯಲ್ಲಿ ಕೂತಳು. ಆ ದಿನ ಬಸ್ಸಿನಲ್ಲಿ ಇಳಿಯುವ ಊರು ದಾಟಿ ಮುಂದೆ ಹೋಗಿದ್ದು, ಕಂಡಕ್ಟರ್ ಇಳಿಸಿದ ಕಡೆ ಒಂದು ಮರದ ಕೆಳಗೆ ಹೊತ್ತು ಮುಳುಗುವವರೆಗೆ ಕೂತಿದ್ದು, ಮನೆಗೆ ಬಂದು ಯಾರಿಗೂ ಏನೂ ಹೇಳದೆ ರೊಟ್ಟಿ ಬಡಿದದ್ದು, ಎಲ್ಲವನ್ನೂ ಹೇಳಿದಳು. ಮೈದುನನನ್ನು ಕ್ಷಮಿಸಿದೆ ಎಂದು ಹೇಳಲಿಲ್ಲ. ನಾನೂ ಆ ಶಬ್ದ ಎತ್ತಲಿಲ್ಲ. ಮುಂದೆ ಎಂಟು ವಾರ ಅವಳು ಬರುತ್ತಿದ್ದಳು. ಟೇಪ್ ಇರಲಿಲ್ಲ, ಬರಹವೂ ಇರಲಿಲ್ಲ.

ಇದನ್ನು ಬರೆಯುವ ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದ್ದೇನೆ. ಇಬ್ಬರೂ ಒಪ್ಪಿದ್ದಾರೆ.

ಸತ್ಯ ಹೇಳುವವನಿಗೆ ಧೈರ್ಯ ಬೇಕು ಎಂದು ನಮ್ಮ ಪಾಠದಲ್ಲಿ ಕಲಿಸಿದ್ದರು. ಅದನ್ನು ಕೇಳುವವರಿಗೆ ಏನು ಬೇಕು ಎಂಬುದನ್ನು ಕಲಿಸಿದವಳು ಮಹಾದೇವಿ. ಅಂದಿನಿಂದ ಯಾರಾದರೂ ನನ್ನ ಕೋಣೆಯಲ್ಲಿ ಮನೆಯವರಿಗೆ ಇಂಥದ್ದನ್ನು ಹೇಳಬೇಕು ಎಂದು ಬಂದರೆ, ಅದನ್ನು ಕೇಳಬೇಕಾದವರು ಆಮೇಲೆ ಬಂದು ತಮ್ಮ ಮಾತು ಆಡಲು ನಾನು ಮೊದಲೇ ಒಂದು ದಿನ ಗೊತ್ತುಮಾಡುತ್ತೇನೆ, ಅವರಿಗಾಗಿಯೇ. ಕೇಳಿಸಿಕೊಂಡ ದಿನ ಅವರನ್ನು ಊರಿನ ಬಸ್ಸಿಗೆ ಹತ್ತಿಸಿ, ಪಕ್ಕದಲ್ಲಿ ಯಾರು ಕೂತಿದ್ದಾರೆ ಎಂದು ನೋಡಿಕೊಂಡೇ ಒಳಗೆ ಬರುತ್ತೇನೆ.